ಹೊರೆಯಾಗುವುದು

ಭಾನುವಾರ ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಕೂಗುವವರಿಲ್ಲ.
ಹರಾಜುಕಟ್ಟೆಯ ತುಂಬ ಮಣ್ಣಿನ ವಾಸನೆ,
ಮೊಳಕೆ ಬಂತೆಂದು ಎಸೆದ ನಾಲ್ಕಾರು ಗಡ್ಡೆ, ಒಂದು ನಾಯಿ.

ಅಲ್ಲಿಗೆ ಅವರಿಬ್ಬರು ಬರುತ್ತಾರೆ
ಸಂತೆಪೇಟೆ ಕಡೆಯಿಂದ, ಒಂದೇ ಸೈಕಲ್ಲಿನಲ್ಲಿ.
ಬಾಡಿಗೆ ಕೇಳದ ನೆಲ, ಕೈಗೆಟುಕದ ಎತ್ತರದಲ್ಲಿ ತಗಡು.
ನನ್ನನ್ನು ಕೇಳಿ ಹದಿನಾಲ್ಕು ಖಾಲಿ ಗೋಣಿ ಹಾಸಿಕೊಳ್ಳುತ್ತಾರೆ.

ಕೆಳಗೆ ಜಸಿಂತ. ಮೇಲೆ ದ್ಯಾವೇಶ.
ಮೊದಲ ದಿನ ನನಗೆ ಗೊತ್ತಾಗಲಿಲ್ಲ,
ಗಂಡಸೇ ಕೆಳಗಿರುತ್ತಾನೆ ಎಂದುಕೊಂಡು
ಅವನ ಕಾಲ ಬಳಿ ಇನ್ನೊಂದು ಗೋಣಿ ಎಳೆದುಕೊಟ್ಟೆ.
ಅವಳು ಅದರ ಮೇಲೆ ಬೆನ್ನು ಕೊಟ್ಟು ಮಲಗಿದಳು, ನಗದೆ.

ಎರಡು ಅಂಗೈ ಮೇಲಕ್ಕೆ.
ಅವುಗಳೊಳಗೆ ಅವನ ಎರಡು ಅಂಗೈ.
ಆಮೇಲೆ ಅವನ ಕಾಲು ನೆಲ ಬಿಟ್ಟವು,
ಹಾರಿದ್ದಲ್ಲ, ಎಗರಿದ್ದಲ್ಲ,
ಉಕ್ಕುವ ಮೊದಲು ಹಾಲು ಪಾತ್ರೆಯಲ್ಲಿ ಏರುವ ಹಾಗೆ.

ತಲೆಕೆಳಗಾಗಿ ನಿಂತ.
ಮುಖದ ಎದುರು ಮುಖ, ನಡುವೆ ಎರಡೂವರೆ ಮೊಳ ಗಾಳಿ.
ಅವನ ಮೂಗಿನ ತುದಿಯಿಂದ ಬೆವರಿನ ಹನಿ
ಅವಳ ಕೆನ್ನೆಗೆ ಬಿತ್ತು. ಅವಳು ಕಣ್ಣು ಮಿಟುಕಿಸಲಿಲ್ಲ.

ನಾನು ನೋಡಿದ್ದು ಅವನ ಕಾಲನ್ನಲ್ಲ.
ಇಪ್ಪತ್ತಾರು ವರ್ಷ ಮೂಟೆ ಹೊತ್ತವನ ಕಣ್ಣು
ತಾನಾಗಿ ಕೆಳಕ್ಕೆ ಹೋಗುತ್ತದೆ.
ಅವಳ ಮಣಿಕಟ್ಟು. ಅಲ್ಲಿ ಏನೋ ನಡೆಯುತ್ತಿತ್ತು,
ಗೆರೆಯಷ್ಟು ಆಚೆ, ಗೆರೆಯಷ್ಟು ಈಚೆ,
ಹಿಂದೆ ದಲ್ಲಾಳಿ ಒಂದೊಂದೇ ಗಡ್ಡೆ ಹಾಕಿ, ತೆಗೆದು
ತಕ್ಕಡಿಯ ಮುಳ್ಳು ನಿಲ್ಲಿಸುತ್ತಿದ್ದ ಹಾಗೆ.

ಕೇಳಿಬಿಟ್ಟೆ: ಇಬ್ಬರಲ್ಲಿ ಸರಿದೂಗಿಸೋರು ಯಾರವ್ವ?
"ನಾನು," ಅಂದಳು. "ಅವನು ಸೆಟೆದು ಸುಮ್ನಿರಬೇಕು, ಅಷ್ಟೇ.
ಬೀಳ್ತೀನಿ ಅನ್ನಿಸಿದರೂ ಸುಮ್ನಿರಬೇಕು.
ಇಬ್ಬರೂ ಸರಿಮಾಡೋಕೆ ಹೋದರೆ ಇಬ್ಬರೂ ನೆಲಕ್ಕೆ."

ಮೂರನೇ ಭಾನುವಾರ ನನಗೂ ಕಲಿಸಿ ಅಂದೆ.
ಅನ್ನುತ್ತಲೇ ತಲೆಯ ಟವೆಲ್ಲು ಬಿಚ್ಚಿ ಗೋಣಿಯ ಮೇಲೆ ಬೆನ್ನು ಚಾಚಿದೆ.
ಮೂಟೆಗೆ ಒಗ್ಗಿದ ಹೆಗಲು, ಇನ್ನೇನು ಬೇಕು?
"ಏಳಿ ಬೋರಣ್ಣ," ಅಂದಳು ಜಸಿಂತ, "ನೀವು ಮೇಲೆ."

ಮೇಲೆ!
ಬುದ್ಧಿ ಬಂದಮೇಲೆ
ಯಾರೂ ಎತ್ತಿಲ್ಲ ನನ್ನನ್ನ.

ಅವಳ ಪಾದಗಳು ನನ್ನ ಸೊಂಟದ ಮೂಳೆಗೆ ಸಿಕ್ಕವು.
ಬೆರಳ ತುದಿಯಿಂದ ನೆಲ ಜಾರಿತು.
ತಕ್ಷಣ ನಾನು ಸಹಾಯಕ್ಕೆ ಹೋದೆ:
ಕೈ ಬಡಿದೆ, ಮೊಣಕಾಲು ಮಡಿಸಿದೆ,
ಪಾಪ, ಅವಳಿಗೆ ಭಾರವಾಗಬಾರದು ಅಂತ
ಹೊಟ್ಟೆ ಒಳಗೆಳೆದುಕೊಂಡೆ.
ದೊಪ್ಪೆಂದು ಬಿದ್ದೆ. ನಾಯಿ ಎದ್ದು ಬೇರೆ ಕಡೆ ಹೋಗಿ ಮಲಗಿತು.

"ಮೂಟೆ ನಿಮಗೆ ಸಹಾಯ ಮಾಡುತ್ತಾ?" ದ್ಯಾವೇಶ ಕೇಳಿದ.
ಮಾಡುವುದಿಲ್ಲ.
ಆದರೆ ಸಡಿಲ ಮೂಟೆಯ ಒಳಗೆ ಗಡ್ಡೆ ಹೊರಳುತ್ತದೆ,
ಹೆಗಲು ತಪ್ಪಿಸುತ್ತದೆ, ಹೊತ್ತವನನ್ನು ಎಡವಿಸುತ್ತದೆ.
ನಾನು ಅಂಥ ಮೂಟೆ ಎಂದು ಅಲ್ಲಿ ಬಿದ್ದಲ್ಲೇ ತಿಳಿಯಿತು,
ಬಾಯಿ ಸರಿಯಾಗಿ ಹೊಲಿಯದ್ದು.

ಐದನೆಯ ಸಲವೋ ಆರನೆಯದೋ.
ಕಾಲೆರಡನ್ನೂ ಹೊಲಿದ ಹಾಗೆ ಜೋಡಿಸಿದೆ,
ಕೈ ಚಾಚಿದೆ. ಏನೂ ಮಾಡಲಿಲ್ಲ.
ಏನೂ ಮಾಡದಿರಲು ಇಷ್ಟು ಬೆವರು ಬೇಕೆಂದು
ಯಾವ ಮೇಸ್ತ್ರಿಯೂ ಹೇಳಿಕೊಟ್ಟಿರಲಿಲ್ಲ.
ಕೆಳಗೆ ಅವಳ ಪಾದ ನನಗಾಗಿ ಯೋಚಿಸುತ್ತಿತ್ತು,
ಕೂದಲೆಳೆಯಷ್ಟು ಎಡಕ್ಕೆ, ಮತ್ತೆ ಬಲಕ್ಕೆ.
ತಗಡಿನ ತೂತಿನಿಂದ ಇಳಿದ ಬಿಸಿಲ ಬಿಲ್ಲೆ
ನನ್ನ ಬೆನ್ನ ಮೇಲೆ ಕೂತಿತ್ತು,
ದಿನಾ ಮೂಟೆ ಕೂರುವ ಜಾಗದಲ್ಲಿ.
ಮೂರು ಉಸಿರು. ಇಳಿಸಿದಳು.

ಅವರು ಹೋದ ಮೇಲೆ, ಕತ್ತಲಾಗುವ ಮೊದಲು,
ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಸ್ವಿಚ್ಚು ಹಾಕಿ
ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ.
ಎಷ್ಟು ಸಾವಿರ ಮೂಟೆ ಇಟ್ಟಿದ್ದೇನೋ ಈ ತಟ್ಟೆಯ ಮೇಲೆ,
ನನ್ನನ್ನು ಇಟ್ಟಿರಲಿಲ್ಲ.
ಐವತ್ತೆಂಟು ಕಿಲೋ, ನಾನೂರು ಗ್ರಾಂ.
ಮೂಟೆಗಿಂತ ಎಂಟು ಕಿಲೋ ಜಾಸ್ತಿ.
ಕೆಂಪು ಅಂಕಿಗಳಲ್ಲಿ ಕೊನೆಯದು ಮಾತ್ರ
ಹೊಯ್ದಾಡುತ್ತಲೇ ಇತ್ತು,
ಉಸಿರು ಎಳೆದಾಗೊಂದು, ಬಿಟ್ಟಾಗೊಂದು.