ಚುಕ್ಕೆ

ಈ ವರ್ಷದಿಂದ ಒಂಬತ್ತನೇ ಚೆಂಡು
ಚುಕ್ಕೆಯ ಮೇಲೆ ಕೂರಬೇಕಂತೆ.
ಹೋದ ವರ್ಷ ಒಂದನೆಯದು.
ಯಾವ ದೇಶದ ಹೋಟೆಲಿನಲ್ಲೋ ಕೈ ಎತ್ತಿದರು;
ಸೆಬುವಿನ ಮೀನುಪೇಟೆ ಹಿಂದೆ
ಪೂಲ್ ಮೇಜಿಗೆ ಬಟ್ಟೆ ಬಿಗಿಯುವವಳಿಗೆ, ನನಗೆ,
ಸುದ್ದಿ ಮುಟ್ಟುವಾಗ
ಚೆಂಡುಗಳು ನಾಲ್ಕಿಂಚು ಮುಂದೆ ಸರಿದಿದ್ದವು.
ಚುಕ್ಕೆ ಮಾತ್ರ ಅಲ್ಲೇ ಇದೆ.

ಡಿಯೋಸ್ದಾದೊಗೂ ಬಂದಿದೆ ಒಂದು ಕಾಗದ:
ಒಪ್ಪಿಗೆಯಿಲ್ಲದ ಪಂದ್ಯ ಆಡಿದ್ದಕ್ಕೆ
ಆರು ತಿಂಗಳು ಹೊರಗೆ.
ಆಡಿದ್ದು ನಿಜ. ಆ ದುಡ್ಡೇ ಈಗ
ಅವನ ಮಗಳ ಹಲ್ಲಿನ ಮೇಲೆ
ತಂತಿಯಾಗಿ ಮಿನುಗುತ್ತಿದೆ.

ಸಂಜೆ ಬಂದು ನಿಂತ.
ಕೋಲಿನ ತುದಿಗೆ ಚಾಕ್ ಉಜ್ಜಿದ, ಉಜ್ಜುತ್ತಲೇ ಇದ್ದ.
‘ಬಟ್ಟೆ ಸರಿಯಾಗಿ ಕೂತಿದೆಯಾ ನೋಡು’ ಅಂದೆ.
ನೋಡುವುದಕ್ಕೇನು, ಅದು ಪಂದ್ಯವಲ್ಲವಲ್ಲ.

ಚೆಂಡು ಜೋಡಿಸಿದ,
ಕೈಗೆ ಗೊತ್ತಿದ್ದ ಹಾಗೆ,
ಒಂದನೆಯದನ್ನು ಚುಕ್ಕೆಯ ಮೇಲಿಟ್ಟು.