ಎರಡನೇ ಮಹಡಿಯ ಕಡಲು

ಬಕೆಟ್ಟಿಗೆ ಇಷ್ಟು ಉಪ್ಪೆಂದು ಅಳೆದು, ಕದಡಿ,
ಲಿಂಗರಾಜಪುರದ ಎರಡನೇ ಮಹಡಿಯಲ್ಲಿ
ಒಂದು ಕಡಲು ಮಾಡಿದೆ.
ಮೀನು ಇನ್ನೂ ಬಿಟ್ಟಿರಲಿಲ್ಲ.
ಪಾಚಿ ಹೇಳದೆ ಕೇಳದೆ ಬಂತು.

ಮೊದಲ ವಾರ ಕಂದು,
ಮರಳ ಮೇಲೆ ಯಾರೋ ಕಾಫಿ ಚೆಲ್ಲಿದ ಹಾಗೆ.
ಆಮೇಲೆ ಹಸಿರು, ಎಳೆ ಎಳೆಯಾಗಿ,
ಪಂಪಿನ ರಭಸಕ್ಕೆ ತಲೆ ಬಾಚಿಕೊಳ್ಳುತ್ತ.

ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ.
ಮೂರು ದಿನ ದೀಪ ಆರಿಸಿ
ಗಾಜಿಗೆ ಕಪ್ಪು ಬೆಡ್‌ಶೀಟು ಹೊದಿಸಿದೆ.
ಬಾಡಿಗೆ ಕೇಳಲು ಬಂದ ಓನರಮ್ಮ
ದನಿ ತಗ್ಗಿಸಿದರು: ಮನೇಲಿ ಸೂತಕಾನಾ?

ಶಿವಾಜಿನಗರದ ಅಂಗಡಿಯ ಝುಬೇರ್
ಕೇಳಿದ್ದು ಒಂದೇ: ನೀರು ಯಾವುದಕ್ಕಾ?
ಟ್ಯಾಂಕರಿಂದು, ಅಂದೆ.
ನಕ್ಕ. ಐದು ಬಸವನಹುಳು ಕವರಿಗೆ ಹಾಕಿ
ಗಾಳಿ ತುಂಬಿ ಗಂಟು ಬಿಗಿದ.
ಫಿಲ್ಟರ್ ನೀರು ಹಾಕಿ. ಅವಸರ ಬೇಡ.

ಯಾವ ತೋಟದ ಗೊಬ್ಬರ ಕುಡಿದು
ಯಾವ ಬೋರ್‌ವೆಲ್ಲಿನಿಂದ ಎದ್ದು ಬಂದ ನೀರೋ.
ಅನ್ನಕ್ಕೆ ಇಡುವುದೂ ಅದನ್ನೇ.

ರಾತ್ರಿ ಒಂದು ಹುಳು ಗಾಜು ಹತ್ತಿತು.
ಹಿಂದೆ ಬೆರಳಗಲ ದಾರಿ ತಿಳಿಯಾಯಿತು.
ಬಗ್ಗಿ ನೋಡಿದೆ:
ಆಚೆಗೆ ಅಡುಗೆಮನೆ, ತೊಳೆಯದ ಕುಕ್ಕರು,
ಟ್ಯಾಂಕರಿನವನ ನಂಬರು ಗೀಚಿದ ಕ್ಯಾಲೆಂಡರು,
ಎಲ್ಲ ತುಸು ಅಲುಗುತ್ತ.