ಇನ್ನೊಂದು ಸುತ್ತು

ಮೂಂಟಾದ ಮಿಸೆಸ್ ಟ್ರೆಗೆನ್ಸಾ ಬೀಗದ ಕೈ ಕೊಡುತ್ತ
ಹೇಳಿದ್ದು ಒಂದೇ ಮಾತು:
'ಎರಡನೇ ಗೇರಿಗೆ ಹೋಗುವ ಮುಂಚೆ
ಒಂದು ಉಸಿರು ಎಳೆದುಕೋ. ಅದಕ್ಕೆ ಅವಸರ ಆಗದು.'
ತಲೆಯಾಡಿಸಿದೆ. ಕೇಳಿಸಿಕೊಳ್ಳಲಿಲ್ಲ.
ಆಗಲೇ ಮನಸ್ಸಿನೊಳಗೆ ಬಣ್ಣ ಕಲೆಸುತ್ತಿದ್ದೆ.

ಐವತ್ತೈದರ ಹೋಲ್ಡನ್. ಈ ಕಡೆಯವರು ಯೂಟ್ ಅನ್ನುತ್ತಾರೆ:
ಮುಂದೆ ಮೂವರು ಒತ್ತಿ ಕೂರುವ ಸೀಟು, ಹಿಂದೆ ಬರೀ ತೊಟ್ಟಿ.
ತಗಡಿನ ಶೆಡ್ಡಿನಲ್ಲಿ ಹನ್ನೊಂದು ಬೇಸಿಗೆ ನಿಂತು
ಸೀಟಿನ ಸ್ಪ್ರಿಂಗುಗಳ ನಡುವೆ
ಎಷ್ಟೋ ಇಲಿಗಳ ಬಾಣಂತನ ಮಾಡಿ ಮುಗಿಸಿತ್ತು.
ಟ್ರೇಲರ್ ಮೇಲೆ ಹೇರಿ ಪೋರ್ಟ್ ಪಿರಿಗೆ ತಂದೆ.
ವಾರಿಜಾ ಬಾಗಿಲಲ್ಲೇ ನಿಂತು ನೋಡಿ
'ಆರತಿ ಎತ್ತಲೋ, ಗುಜರಿಯವನನ್ನು ಕರೆಯಲೋ?' ಅಂದಳು.

ಆರು ತಿಂಗಳು ಅಂದಿದ್ದೆ. ನಾಲ್ಕು ವರ್ಷ.

ಬಿಚ್ಚುವುದು ಸುಖ. ಅದನ್ನು ಯಾರೂ ಹೇಳುವುದಿಲ್ಲ.
ಒಂದೇ ಭಾನುವಾರ ಎಲ್ಲ ಬಿಚ್ಚಿ, ನಟ್ಟು ಬೋಲ್ಟುಗಳನ್ನೆಲ್ಲ
ಒಂದೇ ಬಕೆಟ್ಟಿಗೆ ಸುರಿದೆ,
ನೆನಪಿರುತ್ತದೆ ಬಿಡು ಎಂದು.
ಮುಂದಿನ ಚಳಿಗಾಲ ಆ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು
ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ
ಒಂದೊಂದನ್ನೇ ಬೆಳಕಿಗೆ ಹಿಡಿದು ಕೇಳಿದೆ:
ನೀನು ಯಾರ ಮನೆಯವನಪ್ಪಾ?

ನೀರಿನ ಪಂಪಿನ ಬೋಲ್ಟು ಮುರಿದದ್ದು ನನ್ನ ಶ್ರದ್ಧೆಯಿಂದ.
ಬಿಗಿಯಾಗಿತ್ತು. ಇರಲಿ ಎಂದು ಇನ್ನೊಂದು ಸುತ್ತು.
ಟಣ್ ಅಂದಿತು; ತಲೆ ಕೈಗೆ ಬಂತು, ಮುಂಡ ಒಳಗೇ ಉಳಿಯಿತು.
ಪಕ್ಕದ ಮನೆಯ ಸ್ಟಾವ್ರೋಸ್, ಮೀನುದೋಣಿಗಳ ಎಂಜಿನ್ ರಿಪೇರಿಯವನು,
ಬೇಲಿಯ ಮೇಲಿಂದ ಬಗ್ಗಿ ನೋಡಿದ, ನಗಲಿಲ್ಲ:
'ಸಾಕು ಅಂತ ಅದು ಹೇಳಿರುತ್ತದೆ. ನಿನ್ನ ಮಣಿಕಟ್ಟಿಗೆ.'
ವಾರಿಜಾಳ ಜತೆಗಿನ ಎಷ್ಟೋ ಜಗಳ ನೆನಪಾಯಿತು.
ಅಲ್ಲಿಯೂ ನಾನು ಸರಿಯೇ ಇದ್ದೆ,
ಆ ಇನ್ನೊಂದು ಸುತ್ತಿನವರೆಗೆ.

ದುಡ್ಡಿನ ಲೆಕ್ಕ ಇಲ್ಲಿ ಬೇಡ. ಬರೆದಿಟ್ಟ ಪುಸ್ತಕವನ್ನು
ನಾನೇ ಬಚ್ಚಿಟ್ಟು, ಎಲ್ಲಿ ಎಂದು ಮರೆತಿದ್ದೇನೆ.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವುದು ನನ್ನ ಕಸುಬು.
ಚರ್ಮದಾಚೆಯ ಕೂದಲೆಳೆ ಬಿರುಕನ್ನು ಗುರುತಿಸುವ ಕಣ್ಣಿಗೆ
ಬಾಗಿಲ ಮೇಲಿದ್ದದ್ದು ಕಾಣಲಿಲ್ಲ ಅಂದರೆ ಸುಳ್ಳು. ಕಂಡಿತ್ತು:
ಡೆಸ್ ಟ್ರೆಗೆನ್ಸಾ, ಗಾಳಿಯಂತ್ರ ರಿಪೇರಿ.
ಹಳದಿ ಬಣ್ಣ, ಅವನದೇ ಕೈಬರಹ,
ಕೊನೆಯೆರಡು ಅಕ್ಷರ ಜಾಗ ಸಾಲದೆ
ಬಾಗಿಲ ಹಿಡಿಯ ಕೆಳಗೆ ತೂರಿ ಕೂತಿದ್ದವು,
ತುಂಬಿದ ಬಸ್ಸಿಗೆ ಓಡಿ ಬಂದು ಹತ್ತಿದವರ ಹಾಗೆ.
ಕೊಳೆ ಅಂದುಕೊಂಡೆ. ಸ್ಯಾಂಡರ್ ಹಿಡಿದೆ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಪೂರ್ತಿ ನಿಮಿಷವೂ ಹಿಡಿಯಲಿಲ್ಲ.
ಹಳದಿ ಧೂಳು ಮೂಗಿಗೆ ಏರಿತು, ಸೀನಿದೆ.

ಕೆನೆಬಣ್ಣದಲ್ಲಿ ಮುಖ ನೋಡಿಕೊಳ್ಳುವಷ್ಟು ಹೊಳಪು ಬಂದ ಮೇಲೆ
ಹೆಮ್ಮೆಯಿಂದ ಮೂಂಟಾಕ್ಕೆ ಓಡಿಸಿಕೊಂಡು ಹೋದೆ.
ಮುದುಕಿ ಗೇಟಿನ ತನಕ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು
'ಚೆನ್ನಾಗಿದೆ,' ಅಂದಳು, 'ಯಾರದು?'

ಹೇಳಿದೆ.
ಬಾಗಿಲ ಹಿಡಿಯ ಕೆಳಗೆ ಹೆಬ್ಬೆರಳಾಡಿಸಿದಳು.
ಏನೂ ಅನ್ನಲಿಲ್ಲ.
ಬಯ್ದಿದ್ದರೆ ಈ ಪದ್ಯ ಬೇಕಿರಲಿಲ್ಲ.

ಸಮುದ್ರದ ಕಡೆ ಹೋಗಿ ಬರೋಣವೇ ಅಂದೆ. ಹತ್ತಿದಳು.
ಮೊದಲ ಗೇರು. ಚರ್ಚಿನ ಹತ್ತಿರ ತಿರುವು.
ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ
ಪಕ್ಕದಲ್ಲಿ ಆಕೆ ಉಸಿರೆಳೆದುಕೊಂಡಳು, ತನಗೇ ತಿಳಿಯದೆ.
ನಾನು ಕಾದೆ.
ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಗೇರು ಇಳಿಯಿತು.

ಈಗ ಎಡ ಚಕ್ರದ ಮೇಲೆ, ಪುಟ್ಟಿ ಮೆತ್ತಿ ಮುಚ್ಚಿದ್ದ ಕಡೆ,
ಬಣ್ಣ ಉಬ್ಬಿ, ಸಾಸಿವೆ ಕಾಳಿನಷ್ಟು ತುಕ್ಕು ಎದ್ದಿದೆ.
ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತೇನೆ.
ಉಪ್ಪುಕಾಗದ ಮೇಲಿನ ಹಲಗೆಯಲ್ಲೇ ಇದೆ.